ನ್ಯೂಯಾರ್ಕ್ ಮ್ಯಾರಥಾನ್‌ಗೆ ಹೊರಟವರಿಗೆ

ಕೇಳುಗರೇ, ನಮಸ್ಕಾರ. ನವೆಂಬರ್ ತಿಂಗಳ ಮೊದಲ ಭಾನುವಾರ ನಡೆಯುವ ನ್ಯೂಯಾರ್ಕ್ ಮ್ಯಾರಥಾನ್ ಓಡಲು ಸಿದ್ಧರಾಗುತ್ತಿರುವವರಿಗಾಗಿ ಈ ಮಾತು. ನಾನು ಹೇಳುವುದು ಒಂದೇ: ಕಾಲಿನ ಕಸುವನ್ನು ಮೊದಲೇ ಖರ್ಚು ಮಾಡಬೇಡಿ. 42.195 ಕಿಲೋಮೀಟರಿನ ನಿಜವಾದ ಕಷ್ಟ ಇರುವುದು ಕೊನೆಯ ಹತ್ತರಲ್ಲಿ.

ಈ ಖರ್ಚು ಶನಿವಾರವೇ ಶುರುವಾಗುತ್ತದೆ. ಬಿಬ್, ಅಂದರೆ ಎದೆಗೆ ಹಚ್ಚಿಕೊಳ್ಳುವ ಓಟದ ಸಂಖ್ಯೆಯ ಚೀಟಿ, ತರಲು ಹೋದವರು ಅಲ್ಲಿನ ಮಳಿಗೆಗಳನ್ನೆಲ್ಲ ಸುತ್ತಿ, ಟೈಮ್ಸ್ ಸ್ಕ್ವೇರ್ ನೋಡಿ, ಬ್ರೂಕ್ಲಿನ್ ಸೇತುವೆಯ ಮೇಲೆ ಅಡ್ಡಾಡಿ, ಕತ್ತಲಾದ ಮೇಲೆ ಕೋಣೆ ಸೇರುತ್ತಾರೆ. ಅಷ್ಟು ದೂರ ಹೋಗಿ ಊರು ನೋಡದೆ ಬರುವುದೇ ಎಂದು ಎಲ್ಲರೂ ಕೇಳುತ್ತಾರೆ. ಖಂಡಿತ ನೋಡಿ. ಸೋಮವಾರ ನೋಡಿ.

ಓಟದ ದಿನ ಬೆಳಗಿನ ಜಾವವೇ ಓಟ ಹೊರಡುವ ಸ್ಟೇಟನ್ ದ್ವೀಪಕ್ಕೆ ಸಾಗಿಸುತ್ತಾರೆ. ಅಲ್ಲಿ ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಎಸೆಯಲು ಮನಸ್ಸು ಹಿಂಜರಿಯದಂಥ ಹಳೆಯ ಸ್ವೆಟರ್ ಹಾಕಿಕೊಂಡು, ನೆಲಕ್ಕೊಂದು ಪ್ಲಾಸ್ಟಿಕ್ ಹಾಳೆ ಹಾಸಿ ಕುಳಿತುಬಿಡಿ. ದಯವಿಟ್ಟು ನಿಂತು ಹರಟಬೇಡಿ. ಅಲ್ಲಿ ಬಿಟ್ಟ ಬಟ್ಟೆಗಳನ್ನು ದಾನಕ್ಕೆ ಕಳಿಸುತ್ತಾರೆ.

ಓಟ ಶುರುವಾಗುವುದೇ ವೆರಾಜಾನೋ ಸೇತುವೆಯ ಏರಿನಲ್ಲಿ. ಉತ್ಸಾಹದಲ್ಲಿ ಆ ಏರು ಗೊತ್ತೇ ಆಗುವುದಿಲ್ಲ. ಮುಂದಿನ ಇಳಿಜಾರು ಕಾಲುಗಳನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಇಲ್ಲಿ ನೂರಾರು ಜನ ನಿಮ್ಮನ್ನು ದಾಟಿ ಹೋದರೆ ಹೋಗಲಿ ಬಿಡಿ.

ಗ್ರೇಟೆ ವೈಟ್ಸ್ ಅವರ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನಾರ್ವೆಯ ಶಾಲಾ ಶಿಕ್ಷಕಿ, ಟ್ರ್ಯಾಕ್‌ನಲ್ಲಿ ಹೆಸರು ಮಾಡಿದ್ದವರು. 1978ರಲ್ಲಿ ಇಲ್ಲಿಗೆ ಬಂದದ್ದು ಉಳಿದವರಿಗೆ ಮುಂದೆ ಓಡಿ ವೇಗ ಕಟ್ಟಿಕೊಡಲು. ತರಬೇತಿಯಲ್ಲೂ ಸುಮಾರು 20 ಕಿಲೋಮೀಟರಿನ ಆಚೆಗೆ ಹೋದವರಲ್ಲ. ಅರ್ಧ ದೂರ ಹಗುರವಾಗಿ ಓಡಿದರು. ಆಮೇಲೆ ತೊಡೆ ಹಿಡಿದುಕೊಂಡಿತು. ದಾರಿಯ ಫಲಕಗಳೆಲ್ಲ ಮೈಲಿಯಲ್ಲಿ. ಕಿಲೋಮೀಟರಿನ ಲೆಕ್ಕದವರಿಗೆ ಇನ್ನೆಷ್ಟು ಉಳಿದಿದೆ ಎಂದೇ ತಿಳಿಯಲಿಲ್ಲ. ನಾಲ್ಕು ಮರ ಒಟ್ಟಿಗೆ ಕಂಡಾಗಲೆಲ್ಲ ಓಟ ಮುಗಿಯುವ ಸೆಂಟ್ರಲ್ ಪಾರ್ಕ್ ಉದ್ಯಾನ ಬಂತೆಂದುಕೊಂಡರಂತೆ! ಕೊನೆಗೆ 2 ಗಂಟೆ 32 ನಿಮಿಷ 30 ಸೆಕೆಂಡಿನಲ್ಲಿ ಗುರಿ ಮುಟ್ಟಿ, ಮಹಿಳೆಯರ ವಿಶ್ವದಾಖಲೆಯನ್ನು ಎರಡು ನಿಮಿಷಕ್ಕೂ ಹೆಚ್ಚು ಅಂತರದಿಂದ ಮುರಿದರು. ಆದರೆ ಅವರಿಗೆ ಖುಷಿಯಿರಲಿಲ್ಲ. ಓಡಲು ಒಪ್ಪಿಸಿದ್ದ ಗಂಡನತ್ತ ಬೂಟು ಬಿಚ್ಚಿ ಎಸೆದರು. ಗೆದ್ದರಲ್ಲ, ಇನ್ನೇನು ಎನ್ನಬೇಡಿ. ಮರುವರ್ಷ, ದೂರದ ಅಳತೆ ಗೊತ್ತಿದ್ದು ಬಂದಾಗ, 2 ಗಂಟೆ 27 ನಿಮಿಷ 33 ಸೆಕೆಂಡು! ಎರಡೂವರೆ ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಮೊದಲ ಮಹಿಳೆ ಅವರು. 1988ರ ಹೊತ್ತಿಗೆ ಒಂಬತ್ತು ಸಲ ಇಲ್ಲಿ ಗೆದ್ದಿದ್ದರು. ಅಂಥವರನ್ನೇ ತೊಡೆ ಕಾಡಿತೆಂದ ಮೇಲೆ ನೀವು ನಾನು ಎಷ್ಟರವರು?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸುಮಾರು 25ನೇ ಕಿಲೋಮೀಟರಿನಲ್ಲಿ ಕ್ವೀನ್ಸ್‌ಬರೋ ಸೇತುವೆ. ಅಲ್ಲಿ ಪ್ರೇಕ್ಷಕರಿಲ್ಲ, ಕೇಳಿಸುವುದು ಹೆಜ್ಜೆ ಸಪ್ಪಳ, ಏದುಸಿರು. ಇಳಿದು ತಿರುಗಿದೊಡನೆ ಫಸ್ಟ್ ಅವೆನ್ಯೂದಲ್ಲಿ ಜನರ ಕೂಗು ಅಪ್ಪಳಿಸುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ. ಕೈ ಬೀಸಿ, ನಕ್ಕುಬಿಡಿ, ವೇಗ ಮಾತ್ರ ಹೆಚ್ಚಿಸಬೇಡಿ. ಮುಂದೆ ಬ್ರಾಂಕ್ಸ್ ಇದೆ, ಆಮೇಲೆ ಫಿಫ್ತ್ ಅವೆನ್ಯೂದ ಉದ್ದನೆಯ ಏರು. ಉಳಿಸಿದ ಕಸುವನ್ನು ಅಲ್ಲಿ ಧಾರಾಳವಾಗಿ ಖರ್ಚು ಮಾಡಿ.

ಪದಕ ಕೊರಳಿಗೆ ಬಿದ್ದ ಮೇಲೂ ಉದ್ಯಾನದಿಂದ ಹೊರಬರಲು ಬಹಳ ನಡೆಯಬೇಕು. ಮನೆಯವರು ಎಲ್ಲಿ ಕಾಯಬೇಕೆಂದು ಹಿಂದಿನ ರಾತ್ರಿಯೇ ಗೊತ್ತುಮಾಡಿ, ಬೆಚ್ಚನೆಯ ಬಟ್ಟೆ ತರಲು ಹೇಳಿರಿ. ನಮಸ್ಕಾರ.