ಪ್ಯಾನಲ್ ಆರಿಸೋ ಮುಂಚೆ ಪೈಪ್ ಅಳತೆ ಮಾಡಿ

ಎಲ್ಲರಿಗೂ ನಮಸ್ಕಾರ. ಮನೆಗೆ ಸೋಲಾರ್ ವಾಟರ್ ಹೀಟರ್ ಆರಿಸೋದು ಹೇಗೆ ಅಂತ ಮಾತಾಡೋಕೆ ಬಂದಿದೀನಿ. ಈ ವಿಷ್ಯ ಎತ್ತಿದ ತಕ್ಷಣ ಎಲ್ರೂ ಕೇಳೋದು ಒಂದೇ, ಬಿಸಿಲು ಹಿಡಿಯೋ ಪ್ಯಾನಲ್ ಗಾಜಿನ ಟ್ಯೂಬಿಂದು ತಗೊಳ್ಳೋದಾ, ಚಪ್ಪಟೆ ಪೆಟ್ಟಿಗೆ ಥರದ ಫ್ಲಾಟ್ ಪ್ಲೇಟ್ ತಗೊಳ್ಳೋದಾ. ಅದಕ್ಕೆ ಬರ್ತೀನಿ, ಆದ್ರೆ ಅದು ಮೊದಲ್ನೇ ಪ್ರಶ್ನೆ ಅಲ್ಲ. ಟ್ಯಾಂಕ್ ಇಡೋ ಜಾಗದಿಂದ ನಿಮ್ಮ ಬಚ್ಚಲಿನ ನಲ್ಲಿವರೆಗೆ ಪೈಪ್ ಎಷ್ಟು ಉದ್ದ, ಇದು ಮೊದಲ್ನೇ ಪ್ರಶ್ನೆ.

ಯಾಕೆ ಅಂತ ಹೇಳ್ತೀನಿ. ನಮ್ಮನೇಲಿ ಮೊದಲ ಸಲ ಹಾಕ್ಸಿದಾಗ ತಾರಸಿಯ ಒಂದು ಮೂಲೇಲಿ ಟ್ಯಾಂಕು, ಬಚ್ಚಲು ಕೆಳಗಡೆ ಇನ್ನೊಂದು ಮೂಲೇಲಿ. ಸಿಸ್ಟಮ್ ಚೆನ್ನಾಗೇ ಇತ್ತು, ನೀರೂ ಚೆನ್ನಾಗೇ ಕಾಯ್ತಿತ್ತು, ಆದ್ರೆ ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಬಕೆಟ್ಟಿನ ಮುಕ್ಕಾಲು ಭಾಗ ಬರೀ ತಣ್ಣೀರು. ತಿಂಗಳುಗಟ್ಟಲೆ ಪ್ಯಾನಲ್ಲೇ ಸರಿ ಇಲ್ಲ ಅಂತ ಬೇಜಾರು ಮಾಡ್ಕೊಂಡೆ, ಆಮೇಲೆ ಒಂದಿನ ಕೂತು ಲೆಕ್ಕ ಹಾಕಿದ್ರೆ ವಿಷ್ಯ ಅಲ್ಲೇ ಇತ್ತು. ಒಳಗಡೆ 25 ಮಿಲಿಮೀಟರ್ ಅಗಲ ಇರೋ ಪೈಪಲ್ಲಿ ಪ್ರತಿ ಮೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ನಿಂತಿರುತ್ತೆ, 20 ಮೀಟರಿಗೆ ಸುಮಾರು 10 ಲೀಟರ್. ಅದೇ 15 ಮಿಲಿಮೀಟರ್ ಪೈಪಾದ್ರೆ ಮೂರೂವರೆ ಲೀಟರ್ ಅಷ್ಟೆ. ಮತ್ತೆ ಆ 10 ಲೀಟರ್ ತಣ್ಣೀರು ಹೊರಗೆ ಬಂತು ಅಂದ್ರೆ ಮೇಲಿಂದ 10 ಲೀಟರ್ ಬಿಸಿನೀರು ಪೈಪಿಗೆ ಇಳೀತು ಅಂತ, ನಲ್ಲಿ ನಿಲ್ಲಿಸಿದ್ಮೇಲೆ ಅದೂ ಅಲ್ಲೇ ಆರಿಹೋಗುತ್ತೆ. ಗಂಟೆಗೊಬ್ರು ಸ್ನಾನಕ್ಕೆ ಹೋಗೋ ಮನೇಲಿ ನಾಲ್ಕು ಜನ ಇದ್ರೆ 40 ಲೀಟರ್ ಬಿಸಿನೀರು ಯಾರ ಮೈಮೇಲೂ ಬೀಳದೆ ಮುಗೀತು.

ಹಾಗಂತ ಪೈಪ್ ತೀರಾ ಸಣ್ಣದು ಮಾಡಿದ್ರೆ, ಟ್ಯಾಂಕ್ ಎತ್ತರ ಕಮ್ಮಿ ಇರೋ ಕಡೆ ನೀರು ಜೋರಾಗಿ ಬರಲ್ಲ. ಅದಕ್ಕೇ ಟ್ಯಾಂಕ್ ಆದಷ್ಟೂ ಬಚ್ಚಲಿನ ನೇರ ಮೇಲೇ ಬರೋ ಹಾಗೆ ನೋಡಿ, ಪೈಪಿಗೆ ಪೂರ್ತಿ ಉದ್ದಕ್ಕೂ ಬಿಸಿ ಸೋರದ ಹಾಗೆ ಇನ್ಸುಲೇಷನ್ ಸುತ್ತಿಸಿ, ಎಲ್ರೂ ಒಬ್ಬರಾದ್ಮೇಲೆ ಒಬ್ಬರು ಸ್ನಾನ ಮುಗಿಸಿ. ಈ ಮೂರರಲ್ಲಿ ಕೊನೇದಕ್ಕೆ ಖರ್ಚೇ ಇಲ್ಲ.

ಈಗ ಟ್ಯಾಂಕ್. ನನ್ನ ಪ್ರಕಾರ ಇಡೀ ಸಿಸ್ಟಮ್ಮಿಗೆ ಜೀವ ಇರೋದೇ ಟ್ಯಾಂಕಲ್ಲಿ. 1891ರಲ್ಲಿ ಅಮೆರಿಕದಲ್ಲಿ ಕ್ಲಾರೆನ್ಸ್ ಕೆಂಪ್ ಅನ್ನೋರು ಕ್ಲೈಮ್ಯಾಕ್ಸ್ ಅನ್ನೋ ಸೋಲಾರ್ ಹೀಟರ್‌ಗೆ ಪೇಟೆಂಟ್ ತಗೊಂಡ್ರು, ಕಪ್ಪು ಬಳಿದ ಟ್ಯಾಂಕನ್ನ ಗಾಜಿನ ಮುಚ್ಚಳ ಇರೋ ಪೆಟ್ಟಿಗೇಲಿ ಇಟ್ರೆ ಆಯ್ತು. ಮಧ್ಯಾಹ್ನಕ್ಕೆ ನೀರು ಬಿಸಿ, ರಾತ್ರಿ ಆಗ್ತಿದ್ದ ಹಾಗೆ ಎಲ್ಲ ತಣ್ಣಗೆ. ಆಮೇಲೆ 1909ರಲ್ಲಿ ವಿಲಿಯಂ ಬೈಲಿ ಅನ್ನೋರು ಬಿಸಿಲು ಹಿಡಿಯೋ ಭಾಗ ಬೇರೆ, ನೀರು ಕೂಡಿಡೋ ಟ್ಯಾಂಕ್ ಬೇರೆ ಅಂತ ಮಾಡಿ, ಟ್ಯಾಂಕಿಗೆ ಇನ್ಸುಲೇಷನ್ ಹಾಕಿ ಮಾರಿದ್ರು, ಅದರ ಹೆಸರೇ ಡೇ ಅಂಡ್ ನೈಟ್. ಇವತ್ತು ನಮ್ಮ ತಾರಸಿ ಮೇಲಿರೋದು ಬಹುತೇಕ ಅದೇ ಲೆಕ್ಕಾಚಾರ: ಕಾದ ನೀರು ಹಗುರ ಆಗಿ ತಾನಾಗೇ ಮೇಲಿನ ಟ್ಯಾಂಕಿಗೆ ಏರುತ್ತೆ, ತಣ್ಣೀರು ಕೆಳಗೆ ಇಳಿಯುತ್ತೆ, ಪಂಪ್ ಬೇಕಿಲ್ಲ.

ಅಂಗಡೀಲಿ ಪ್ಯಾನಲ್ ಹೊಳಪು ನೋಡೋ ಬದಲು ಟ್ಯಾಂಕಿನ ಇನ್ಸುಲೇಷನ್ ಎಷ್ಟು ದಪ್ಪ ಅಂತ ಕೇಳಿ. ಈಗಾಗಲೇ ಹಾಕಿಸಿರೋ ಪರಿಚಯದವರ ಮನೆ ಇದ್ರೆ, ಚಳಿ ಇರೋ ರಾತ್ರಿ ಟ್ಯಾಂಕ್ ಮೇಲೆ ಕೈ ಇಟ್ಟು ನೋಡಿ. ಹೊರಮೈ ಬೆಚ್ಚಗಿದ್ರೆ ಒಳಗಿನ ಬಿಸಿ ಸೋರ್ತಿದೆ ಅಂತಾನೇ ಅರ್ಥ.

ಸೈಜು ಎಷ್ಟು ಬೇಕು? ತಲೆಗಿಷ್ಟು ಲೀಟರ್ ಅಂತ ಎಲ್ರೂ ಒಂದು ಲೆಕ್ಕ ಹೇಳ್ತಾರೆ, ಆದ್ರೆ ಬಳಸೋ ನೀರು ಬೇರೆ ಟ್ಯಾಂಕಲ್ಲಿರೋ ನೀರು ಬೇರೆ ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ಸ್ನಾನಕ್ಕೆ 40 ಡಿಗ್ರಿ ಸಾಕು. ಟ್ಯಾಂಕಲ್ಲಿ 60 ಡಿಗ್ರಿ ಇದೆ, ತಣ್ಣೀರು 25 ಡಿಗ್ರಿ ಇದೆ ಅಂದ್ಕೊಳ್ಳಿ, ಆಗ 50 ಲೀಟರ್ ಸ್ನಾನದ ನೀರಿಗೆ ಟ್ಯಾಂಕಿಂದ ಬೇಕಾಗೋದು ಸುಮಾರು 21 ಲೀಟರ್. ಅದೇ ಚಳಿಗಾಲದಲ್ಲಿ ತಣ್ಣೀರು 15 ಡಿಗ್ರಿಗೆ ಇಳೀತು ಅಂದ್ರೆ 28 ಲೀಟರ್ ಬೇಕು. ಬಿಸಿಲು ಕಮ್ಮಿ ಇರೋ ಕಾಲದಲ್ಲೇ ಬೇಡಿಕೆ ಜಾಸ್ತಿ, ಹಾಗಾಗಿ ಲೆಕ್ಕ ಹಾಕೋದಾದ್ರೆ ಚಳಿಗಾಲಕ್ಕೇ ಹಾಕಿ. ಆದ್ರೆ ಪ್ಯಾನಲ್ ಅಷ್ಟೇ ಇಟ್ಟು ಟ್ಯಾಂಕ್ ಮಾತ್ರ ದೊಡ್ಡದು ತಗೊಂಡ್ರೆ ಎಲ್ಲ ನೀರೂ ಉಗುರುಬೆಚ್ಚಗೆ ಉಳಿಯುತ್ತೆ. ಅದು ಬರೀ ಬೇಜಾರಿನ ವಿಷ್ಯ ಅಲ್ಲ, 25ರಿಂದ 45 ಡಿಗ್ರಿ ನಡುವೆ ನಿಂತ ನೀರಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ಶ್ವಾಸಕೋಶಕ್ಕೆ ಸೋಂಕು ತರುತ್ತೆ. 100 ಲೀಟರನ್ನ 25ರಿಂದ 60ಕ್ಕೆ ಏರಿಸೋಕೆ ಸುಮಾರು 4 ಯೂನಿಟ್ ಶಾಖ ಬೇಕು, ಕರೆಂಟ್ ಬಿಲ್ಲಲ್ಲಿ ಬರುತ್ತಲ್ಲ ಅದೇ ಯೂನಿಟ್. ಒಳ್ಳೆ ಬಿಸಿಲಿರೋ ದಿನ ಒಂದು ಚದರ ಮೀಟರ್ ಮೇಲೆ 5 ಯೂನಿಟ್ ಬೀಳುತ್ತೆ ಅಂದ್ಕೊಂಡ್ರೆ, ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮೀನೇ ನೀರಿಗೆ ಸೇರೋದು, ಹಾಗಾಗಿ 100 ಲೀಟರಿಗೆ ಸುಮಾರು 2 ಚದರ ಮೀಟರ್ ಪ್ಯಾನಲ್.

ಸರಿ, ಟ್ಯೂಬಾ ಪ್ಲೇಟಾ. ಇದನ್ನ ತೀರ್ಮಾನ ಮಾಡಬೇಕಾಗಿರೋದು ನಿಮ್ಮ ಮನೆ ನೀರು. ಫ್ಲಾಟ್ ಪ್ಲೇಟಲ್ಲಿ ಸಣ್ಣ ಸಣ್ಣ ತಾಮ್ರದ ಕೊಳವೆಗಳಿರ್ತವೆ, ಗಡಸು ನೀರಾದ್ರೆ ಕಾದಾಗ ಸುಣ್ಣ ಒಳಗೇ ಕಟ್ಟಿ ದಾರಿ ಕಿರಿದಾಗ್ತಾ ಹೋಗುತ್ತೆ. ಗಾಜಿನ ಟ್ಯೂಬ್ ಅಗಲ, ಸುಣ್ಣ ತಳಕ್ಕೆ ಕೂರುತ್ತೆ, ಅಷ್ಟು ಬೇಗ ಕಟ್ಟಿಕೊಳ್ಳಲ್ಲ. ಆದ್ರೆ ನೀರು ತುಂಬೋ ಗಾಜಿನ ಟ್ಯೂಬು ಟ್ಯಾಂಕಿಗೆ ಸೇರೋ ಜಾಗದಲ್ಲಿ ಬರೀ ರಬ್ಬರ್ ರಿಂಗು, ಮನೇಲಿ ಪ್ರೆಷರ್ ಪಂಪ್ ಇದ್ರೆ ಅದು ತಡೆಯಲ್ಲ. ಗಡಸು ನೀರೂ ಇದೆ, ಪ್ರೆಷರೂ ಬೇಕು ಅನ್ನೋರು ಹೀಟ್ ಪೈಪ್ ಇರೋ ಟ್ಯೂಬೋ (ಇದರಲ್ಲಿ ಟ್ಯೂಬ್ ಒಳಗೆ ನೀರು ಹೋಗಲ್ಲ, ಮುಚ್ಚಿದ ಲೋಹದ ಕೊಳವೆ ಬಿಸಿನ ಟ್ಯಾಂಕಿಗೆ ಮುಟ್ಟಿಸುತ್ತೆ), ಪ್ಯಾನಲ್ಲಲ್ಲಿ ಬೇರೆ ದ್ರವ ಸುತ್ತೋ ಹೀಟ್ ಎಕ್ಸ್‌ಚೇಂಜರ್ ಮಾಡಲ್ಲೋ ಕೇಳಬೇಕು. ನೀರು ಹೆಪ್ಪುಗಟ್ಟೋವಷ್ಟು ಚಳಿ ಇರೋ ಕಡೆ ಸಾದಾ ಪ್ಲೇಟ್ ಹಾಕ್ಸಿದ್ರೆ ಕೊಳವೆ ಒಡೆದೇ ಹೋಗುತ್ತೆ, ಅಲ್ಲೂ ಈ ಎಕ್ಸ್‌ಚೇಂಜರ್ ಮಾಡಲ್ಲೇ ಬೇಕು.

ಟ್ಯೂಬ್ ತಗೊಂಡ್ರೆ ಒಂದು ಮಾತು ಖಂಡಿತ ಮರೀಬೇಡಿ, ಖಾಲಿ ಟ್ಯೂಬ್ ಬಿಸಿಲಲ್ಲಿ 200 ಡಿಗ್ರಿ ಮೀರಿ ಕಾಯುತ್ತೆ, ಮಟಮಟ ಮಧ್ಯಾಹ್ನ ಅದಕ್ಕೆ ತಣ್ಣೀರು ಬಿಟ್ರೆ ಗಾಜು ಸೀಳಿಹೋಗುತ್ತೆ. ನೀರು ತುಂಬೋದಾದ್ರೆ ಬೆಳಗಿನ ಜಾವ ತುಂಬಿ. ಮತ್ತೆ ಟ್ಯೂಬಿನ ತುದೀಲಿ ಬೆಳ್ಳಿ ಬಣ್ಣದ ಕನ್ನಡಿ ಥರ ಕಾಣುತ್ತಲ್ಲ, ಅದು ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಟ್ಯೂಬಿನ ಎರಡು ಪದರ ಗಾಜಿನ ನಡುವೆ ಬಿಸಿ ಹಿಡಿದಿಡೋ ನಿರ್ವಾತ, ಅಂದ್ರೆ ಗಾಳಿ ಇಲ್ಲದ ಜಾಗ, ಹೋಗಿದೆ ಅಂತ, ಆ ಟ್ಯೂಬ್ ಬದಲಾಯಿಸಬೇಕು.

ದಿಕ್ಕು ಸುಲಭ, ಭೂಮಧ್ಯರೇಖೆ ಕಡೆ ಮುಖ ಇರಬೇಕು, ಅಂದ್ರೆ ಉತ್ತರ ಗೋಳಾರ್ಧದವರಿಗೆ ದಕ್ಷಿಣ, ದಕ್ಷಿಣದವರಿಗೆ ಉತ್ತರ. ಓರೆ ನಿಮ್ಮೂರಿನ ಅಕ್ಷಾಂಶಕ್ಕಿಂತ ಸ್ವಲ್ಪ ಜಾಸ್ತಿ ಇದ್ರೆ ಚಳಿಗಾಲಕ್ಕೆ ಒಳ್ಳೇದು. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಬೀಳಬಾರದು, ಅದನ್ನೂ ಚಳಿಗಾಲದಲ್ಲೇ ನೋಡಿ, ಆಗ ಸೂರ್ಯ ಕೆಳಗಿರೋದ್ರಿಂದ ಪಕ್ಕದ ಗೋಡೆ ನೆರಳು ಎಲ್ಲಿವರೆಗೆ ಬರುತ್ತೆ ಅಂತ ಗೊತ್ತಾಗುತ್ತೆ. ತೂಕಾನೂ ನೆನಪಿರಲಿ, 200 ಲೀಟರ್ ಟ್ಯಾಂಕಲ್ಲಿ ನೀರೇ 200 ಕೆಜಿ, ಅಡಿಯಲ್ಲಿ ಗೋಡೆನೋ ಬೀಮೋ ಇರಬೇಕು.

ಕೊನೇದಾಗಿ ಟ್ಯಾಂಕ್ ಒಳಗಿನ ಕರೆಂಟ್ ಕಾಯಿಲ್ ಬಗ್ಗೆ. ಮೋಡ ಇದ್ದ ದಿನಕ್ಕೆ ಬೇಕು, ಒಪ್ತೀನಿ. ಆದ್ರೆ ಬಹಳ ಜನ ಅದರ ಸ್ವಿಚ್ ಯಾವಾಗ್ಲೂ ಆನ್ ಇಟ್ಟಿರ್ತಾರೆ, ಬೆಳಿಗ್ಗೆ ಸ್ನಾನ ಆಗಿ ತಣ್ಣೀರು ಒಳಗೆ ಬಂದ ತಕ್ಷಣ ಕಾಯಿಲ್ ಅದನ್ನ ಕಾಯಿಸಿಬಿಡುತ್ತೆ, ಬಿಸಿಲು ಏರೋ ಹೊತ್ತಿಗೆ ಸೂರ್ಯನಿಗೆ ಕೆಲಸಾನೇ ಉಳಿದಿರಲ್ಲ. ಹೀಗಾದ್ರೆ ನಾವು ಹಾಕಿಸಿದ್ದು ದುಬಾರಿ ಗೀಸರ್ ಆಗಿಬಿಡುತ್ತೆ, ನನಗೆ ಇದು ನಿಜವಾಗ್ಲೂ ಸಂಕಟ ಆಗುತ್ತೆ. ಕಾಯಿಲ್ ಟ್ಯಾಂಕಿನ ಮೇಲ್ಭಾಗದಲ್ಲಿರೋ ಮಾಡಲ್ ಸಿಕ್ಕಿದ್ರೆ ಅದನ್ನೇ ಆರಿಸಿ, ಇಡೀ ಟ್ಯಾಂಕ್ ಕಾಯಿಸದೆ ಬೇಕಾದಷ್ಟೇ ಕಾಯಿಸುತ್ತೆ. ಅದಕ್ಕೊಂದು ಟೈಮರ್ ಹಾಕ್ಸಿ, ಸಂಜೆ ಟ್ಯಾಂಕ್ ನೀರು ಸಾಕಷ್ಟು ಬಿಸಿ ಇಲ್ಲ ಅಂತ ಗೊತ್ತಾದ ದಿನ ಮಾತ್ರ, ಬೆಳಿಗ್ಗೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಆನ್ ಆಗೋ ಹಾಗೆ ಇಡಿ.

ಈಗ ಪ್ರಶ್ನೆ ಇದ್ರೆ ಕೇಳಿ, ಕೇಳೋವಾಗ ನಿಮ್ಮ ಮನೆ ನೀರು ಗಡಸಾ, ಪೈಪ್ ಎಷ್ಟು ಉದ್ದ ಅಂತಾನೂ ಹೇಳಿ.