ವಯಸ್ಸು ಕೇಳಬೇಡಿ, "ಆಮೇಲೆ" ಅನ್ನೋಕೆ ಬರುತ್ತಾ ಅಂತ ನೋಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋಣ ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಕಾರಣ ಒಂದು ಕಾಮೆಂಟು.

ಹೋದ ವಿಡಿಯೋದಲ್ಲಿ ಹೇಳಿದ್ದೆನಲ್ಲ, ನನ್ನ ಹತ್ತು ವರ್ಷದ ಮಗಳು ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಬರೆದ ವೈಜ್ಞಾನಿಕ ಕಾದಂಬರಿ "ದ ಟೈಮ್ ಮಷೀನ್" ಓದುತ್ತಿದ್ದಾಳೆ ಅಂತ. ಅದಕ್ಕೆ ಒಬ್ಬರು ಹೀಗೆ ಬರೆದಿದ್ದಾರೆ: "ಮೇಡಂ, ಅದು ಹದಿನಾಲ್ಕು ದಾಟಿದವರು ಓದೋ ಪುಸ್ತಕ. ಹತ್ತು ವರ್ಷದ ಮಗುಗೆ ಏನು ಅರ್ಥ ಆಗುತ್ತೆ? ಸುಮ್ನೆ ತೋರಿಕೆಗೆ ಓದಿಸ್ತಾ ಇದ್ದೀರಿ." ಅದಕ್ಕೆ ರಾಶಿ ಲೈಕು ಬೇರೆ.

ಸರ್, ಏನು ಅರ್ಥ ಆಗುತ್ತೆ ಅಂತ ಕೇಳಿದಿರಿ. ಅರ್ಥ ಆಗದೆ ಇದ್ದಾಗ ಮಗು ಏನು ಮಾಡುತ್ತೆ ಅಂತ ಕೇಳಿ. ಕಷ್ಟದ ವೈಜ್ಞಾನಿಕ ಕಾದಂಬರಿಗೆ ಮಗು ತಯಾರಾಗಿದೆಯಾ ಅಂತ ತಿಳಿಯೋಕೆ ನನಗೆ ಗೊತ್ತಿರುವುದು ಇದೊಂದೇ ದಾರಿ.

ನನ್ನ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಆ ಪುಸ್ತಕ ಶುರುವಾಗೋದೇ ಒಂದು ಹರಟೆಯಿಂದ. ಉದ್ದ, ಅಗಲ, ದಪ್ಪ, ಇವುಗಳ ಜೊತೆ ಕಾಲ ಅನ್ನೋದೂ ಒಂದು ಆಯಾಮ ಅಂತ ಒಬ್ಬ ವಾದಿಸುತ್ತಾನೆ. ಉಳಿದವರು ತಲೆ ಕೆರೆದುಕೊಳ್ಳುತ್ತಾರೆ. ನನ್ನ ಮಗಳು ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಆ ಭಾಗ ಬಂದಾಗ ಹುಬ್ಬು ಗಂಟು ಹಾಕಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಹಾಳೆಯ ಅಂಚಲ್ಲಿ ಸಣ್ಣಗೆ "ಆಮೇಲೆ" ಅಂತ ಬರೆದು ಪುಟ ತಿರುಗಿಸಿದಳು. ಅಷ್ಟೇ. ಅಳಲಿಲ್ಲ, ಪುಸ್ತಕ ಮುಚ್ಚಲಿಲ್ಲ, ನನ್ನನ್ನು ಕರೆಯಲಿಲ್ಲ.

ಒಂದು ಗಂಟೆ ಬಿಟ್ಟು ಓಡಿಬಂದಳು. "ಅಮ್ಮಾ, ಇವನಿಗೆ ಹೆಸರೇ ಇಟ್ಟಿಲ್ಲ!" ನಿಜ. ಕಾಲದಲ್ಲಿ ಪ್ರಯಾಣ ಮಾಡುವ ಆ ಮನುಷ್ಯನಿಗೆ ಇಡೀ ಪುಸ್ತಕದಲ್ಲಿ ಹೆಸರಿಲ್ಲ. ಕೇಳುತ್ತಾ ಕೂತವರಲ್ಲೂ ಹೆಚ್ಚಿನವರು ಡಾಕ್ಟರು, ಮೇಯರು, ಮನಶ್ಶಾಸ್ತ್ರಜ್ಞ, ಹೀಗೆ ಬರೀ ಕೆಲಸದ ಹೆಸರಲ್ಲೇ ಬರುತ್ತಾರೆ. ನಾಲ್ಕನೇ ಆಯಾಮ ಅರ್ಥವಾಗದ ಮಗುವಿಗೆ ಇದು ಕಣ್ಣಿಗೆ ಬಿತ್ತು. ಇದು ತೋರಿಕೆಯಾ ಸರ್?

ಈಗ ಯಾಕೆ "ಆಮೇಲೆ" ಅಷ್ಟು ಮುಖ್ಯ ಅಂತ ಹೇಳುತ್ತೇನೆ. ಬೇರೆ ಕಥೆಗಳಲ್ಲಿ ಮನೆ ಅಂದರೆ ಮನೆ, ಬಾಗಿಲು ಅಂದರೆ ಬಾಗಿಲು. ವೈಜ್ಞಾನಿಕ ಕಾದಂಬರಿಯಲ್ಲಿ ಅದೇ ಬಾಗಿಲು ಬೇರೆ ಏನೋ ಆಗಿರಬಹುದು. ಅಮೆರಿಕದ ಲೇಖಕ ಹೈನ್‌ಲೈನ್ 1942ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಬಾಗಿಲು ತೆರೆಯಿತು ಅಂತ ಇಲ್ಲ. ಬಾಗಿಲು ಹಿಗ್ಗಿತು ಅಂತ ಇದೆ, ಕಣ್ಣಿನ ಪಾಪೆ ಹಿಗ್ಗುತ್ತಲ್ಲ ಹಾಗೆ. ಯಾಕೆ, ಹೇಗೆ, ಒಂದು ಮಾತೂ ವಿವರಣೆ ಇಲ್ಲ. ಪಾತ್ರಗಳಿಗೆ ಅದು ದಿನಾ ನೋಡೋ ಬಾಗಿಲು, ಅವರು ಯಾಕೆ ವಿವರಿಸುತ್ತಾರೆ? ಓದುವವರೇ ಊಹಿಸಿಕೊಳ್ಳಬೇಕು. ಓಹೋ, ಇಲ್ಲಿ ಗೋಡೆ, ಮನೆ, ಊರು ಎಲ್ಲ ಬೇರೆ ಥರ ಇದೆ ಅಂತ. ಆ ಊಹೆ ಸರಿಯಾ ತಪ್ಪಾ ಅಂತ ತಿಳಿಯೋಕೆ ಐವತ್ತು ಪುಟ ಕಾಯಬೇಕು. ಐವತ್ತು ಪುಟ ಕಾಯೋ ಮಗು ತಯಾರಿದೆ. ಎರಡನೇ ಸಾಲಿಗೇ "ಇದೇನು, ಅರ್ಥವೇ ಇಲ್ಲ" ಅಂತ ಸಿಟ್ಟಾಗೋ ಮಗು ಇನ್ನೂ ತಯಾರಿಲ್ಲ. ವಯಸ್ಸು ಎಷ್ಟೇ ಇರಲಿ.

ನನ್ನ ಅಣ್ಣನ ಮಗನಿಗೆ ಹದಿನಾಲ್ಕು. ಬಹಳ ಚುರುಕು, ಏನು ಕೊಟ್ಟರೂ ಪಟಪಟ ಅಂತ ಓದುತ್ತಾನೆ. ಅವನಿಗೆ "ಡ್ಯೂನ್" ಕೊಟ್ಟೆ, 1965ರ ಕಾದಂಬರಿ. ಅದರ ಕೊನೆಯಲ್ಲಿ ಒಂದು ಪದಕೋಶ ಇದೆ. ಹುಡುಗ ಒಂದೊಂದು ಹೊಸ ಪದ ಬಂದಾಗಲೂ ಕೊನೆಗೆ ಹೋಗುವುದು, ನೋಡುವುದು, ವಾಪಸ್ ಬರುವುದು. ಹನ್ನೆರಡನೇ ಪುಟಕ್ಕೆ ಸುಸ್ತಾಗಿ ಕೆಳಗಿಟ್ಟ. ಅವನು ದಡ್ಡನಲ್ಲ. ಎಲ್ಲವೂ ಈಗಲೇ ಗೊತ್ತಾಗಬೇಕು ಅನ್ನೋ ಅಭ್ಯಾಸ ನಾವು ಮಾಡಿಸಿದ್ದು. ಉತ್ತರ ಗೊತ್ತಿಲ್ಲದಿದ್ದರೆ ಅಂಕ ಹೋಯಿತು ಅಂತ ಹೇಳಿಕೊಟ್ಟವರು ಯಾರು? ನಾವೇ ಅಲ್ವಾ? ಇನ್ನೊಂದು ವರ್ಷ ಬಿಟ್ಟು ಮತ್ತೆ ಕೊಡುತ್ತೇನೆ. ಪುಸ್ತಕ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಕೆಲವರು ಅಳತೆಗೋಲು ಹಿಡಿದು ಬರುತ್ತಾರೆ. ಲೆಕ್ಸೈಲ್ ನೋಡಿ ಮೇಡಂ, ಅಂಕಿ ಇದೆ, ವೈಜ್ಞಾನಿಕವಾಗಿದೆ ಅಂತ. ಲೆಕ್ಸೈಲ್ ಅಂದರೆ ಪುಸ್ತಕ ಓದೋಕೆ ಎಷ್ಟು ಕಷ್ಟ ಅಂತ ಅಂಕಿ ಕೊಡೋ ಅಳತೆ, ಅಂಕಿ ಹೆಚ್ಚಿದಷ್ಟೂ ಕಷ್ಟ. ಅದು ಏನು ಅಳೆಯುತ್ತೆ ಗೊತ್ತಾ? ಮುಖ್ಯವಾಗಿ ವಾಕ್ಯ ಎಷ್ಟು ಉದ್ದ, ಪದಗಳು ಎಷ್ಟು ಬಳಕೆಯಲ್ಲಿವೆ, ಇಷ್ಟೇ. ಆ ಲೆಕ್ಕದಲ್ಲಿ ಹದಿಹರೆಯದವರ ಕಾದಂಬರಿ "ದ ಹಂಗರ್ ಗೇಮ್ಸ್"ಗೆ 810. ಸ್ಟೈನ್‌ಬೆಕ್ ದೊಡ್ಡವರಿಗಾಗಿ ಬರೆದ ಗಂಭೀರ ಕಾದಂಬರಿ "ದ ಗ್ರೇಪ್ಸ್ ಆಫ್ ರಾತ್"ಗೆ 680. ಅಂದರೆ ಸ್ಟೈನ್‌ಬೆಕ್ ಹೆಚ್ಚು ಸುಲಭ! ಆ ಎರಡೂ ಪುಸ್ತಕ ಓದಿದ ಯಾರಾದರೂ ಈ ಮಾತು ಒಪ್ಪುತ್ತಾರಾ? "ಬಾಗಿಲು ಹಿಗ್ಗಿತು" ಅನ್ನೋದು ಎರಡೇ ಪದ. ಅದರೊಳಗಿನ ಕಷ್ಟ ಯಾವ ಯಂತ್ರದ ಲೆಕ್ಕಕ್ಕೂ ಸಿಗುವುದಿಲ್ಲ. ಪುಸ್ತಕವೇನು ಚಪ್ಪಲಿಯಾ, ಕಾಲಿನ ಅಳತೆ ತಗೊಂಡು ಕೊಡೋಕೆ?

ದೊಡ್ಡವರ ಅಂದಾಜೂ ಅಷ್ಟೇ. ಮ್ಯಾಡಲಿನ್ ಲೆಂಗಲ್ ಬರೆದ "ಎ ರಿಂಕಲ್ ಇನ್ ಟೈಮ್" ಅನ್ನೋ ವೈಜ್ಞಾನಿಕ ಕಾದಂಬರಿಯನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದರು. ಇದು ಮಕ್ಕಳದ್ದಾ ದೊಡ್ಡವರದ್ದಾ ಅಂತಲೇ ಅವರಿಗೆ ಗೊಂದಲ. 1962ರಲ್ಲಿ ಕೊನೆಗೂ ಅಚ್ಚಾಯಿತು. ಮರುವರ್ಷವೇ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಪದಕ ಬಂತು. ಮಕ್ಕಳು ಓದಿದರು. ಅರ್ಥವಾಗದ್ದನ್ನು ಬಿಟ್ಟು ಓದಿದರು!

"ಹೆದರಿಕೊಂಡರೆ?" ಅಂತ ಇನ್ನೊಬ್ಬರು. ದೊಡ್ಡವರ ಸಂಗತಿ ತುಂಬಿರೋ ಪುಸ್ತಕವಾದರೆ ಮೊದಲು ನೀವು ಓದಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಯ? ಟೈಮ್ ಮಷೀನ್‌ನಲ್ಲಿ ನೆಲದಡಿಯ ಜನ ಮೇಲಿನವರನ್ನು ತಿನ್ನುತ್ತಾರೆ. ಆ ರಾತ್ರಿ ನನ್ನ ಮಗಳು ನನ್ನ ಪಕ್ಕ ಬಂದು ಮಲಗಿದಳು, ಹೌದು. ಬೆಳಿಗ್ಗೆ ಎದ್ದು ಕೇಳಿದ ಮೊದಲ ಪ್ರಶ್ನೆ, "ಮೇಲಿನವರು ಯಾಕೆ ತಿರುಗಿ ಬೀಳಲಿಲ್ಲ?" ವೆಲ್ಸ್ 1895ರಲ್ಲಿ ಆ ಪುಸ್ತಕ ಹೊರಗೆ ತಂದಿದ್ದು ಇದೇ ಪ್ರಶ್ನೆ ಕೇಳಲಿ ಅಂತ ತಾನೇ?

ಈ ಮಾತು ಸರಿ ಅನ್ನಿಸಿದರೆ ಸಬ್‌ಸ್ಕ್ರೈಬ್ ಆಗಿ. ಪ್ರತಿ ಭಾನುವಾರ ನಾವು ಮಕ್ಕಳ ಜೊತೆ ಇಲ್ಲಿ ಒಂದೊಂದು ಅಧ್ಯಾಯ ಓದುತ್ತೇವೆ. ಹಳೆಯ ಕಂತುಗಳೂ ಇವೆ, ಕೇಳಿ.

ಹಾಗಾದರೆ ಪರೀಕ್ಷೆ ಹೇಗೆ ಅಂತೀರಾ? ಮೊದಲ ಹತ್ತು ಪುಟ ಜೊತೆಯಲ್ಲಿ ಕೂತು ಜೋರಾಗಿ ಓದಿ. ವಿವರಿಸಬೇಡಿ. ನಿಮಗೆ ಗೊತ್ತಿದ್ದರೂ ಬಾಯಿ ಬಿಡಬೇಡಿ. ಆಮೇಲೆ ಪುಸ್ತಕ ಅಲ್ಲೇ ಇಟ್ಟು ಎದ್ದು ಹೋಗಿ. ಮಗು ಅದನ್ನು ಮತ್ತೆ ಎತ್ತಿಕೊಂಡರೆ ನಿಮ್ಮ ಉತ್ತರ ಸಿಕ್ಕಿತು. ಎತ್ತಿಕೊಳ್ಳಲಿಲ್ಲವಾ? ಬೈಯಬೇಡಿ, ಆರು ತಿಂಗಳು ಬಿಡಿ.

ಅರ್ಥ ಆಗಲ್ಲ, ಅರ್ಥ ಆಗಲ್ಲ ಅಂತ ಎಷ್ಟು ಸಲ ಹೇಳುತ್ತೀರಿ! ಆಗದಿದ್ದರೆ ಆಗದಿರಲಿ! ನಿಮಗೆ ಹತ್ತು ವರ್ಷದಲ್ಲಿ ಎಲ್ಲ ಅರ್ಥವಾಗಿತ್ತಾ? ಬೇಲಿ ಹಾಕಬೇಡಿ. ಪುಸ್ತಕ ಕೊಡಿ, ಪೆನ್ಸಿಲ್ ಕೊಡಿ, ಸುಮ್ಮನಿರಿ!

ಮುಂದಿನ ಭಾನುವಾರ "ಫ್ರಾಂಕೆನ್‌ಸ್ಟೈನ್" ಶುರು ಮಾಡುತ್ತೇವೆ. 1818ರ ಪುಸ್ತಕ. ಮೇರಿ ಶೆಲ್ಲಿ ಅದನ್ನು ಬರೆಯೋಕೆ ಕೂತಾಗ ಅವಳಿಗೆ 18 ವರ್ಷ. ಮೊದಲು ಬರೋದು ನಾಲ್ಕು ಪತ್ರ, ಹಡಗಿನವನೊಬ್ಬ ತನ್ನ ಅಕ್ಕನಿಗೆ ಬರೆದದ್ದು. ನಾಲ್ಕನೇ ಪತ್ರದಲ್ಲಿ ಮಂಜುಗಡ್ಡೆಯ ಮೇಲೆ, ದೂರದಲ್ಲಿ, ನಾಯಿಗಳು ಎಳೆಯೋ ಗಾಡಿಯಲ್ಲಿ ಯಾರೋ ಒಬ್ಬ ದೈತ್ಯ ಹೋಗುತ್ತಾನೆ. ಯಾರದು ಅಂತ ಮಗು ಕೇಳೇ ಕೇಳುತ್ತೆ. ಹೇಳಬೇಡಿ.