ನನ್ನ ಬಿಲ್ಲೆ ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು, ಮನೆಗೆಲಸ ಹಾಗೇ ಬಿಟ್ಟು ಬಂದಿದ್ದೀರಿ. ಕೆಲವರು ಮಕ್ಕಳನ್ನೂ ಕರೆತಂದಿದ್ದೀರಿ, ತುಂಬಾ ಖುಷಿಯಾಯಿತು. ಅವರು ಗಲಾಟೆ ಮಾಡಿದರೆ ದಯವಿಟ್ಟು ಗದರಬೇಡಿ, ಓಡಾಡಿಕೊಂಡಿರಲಿ.

ನಮ್ಮೊಳಗಿನ ಮಗುವಿನ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು 26 ವರ್ಷ ಹೈಸ್ಕೂಲು ಹುಡುಗಿಯರಿಗೆ ಪಾಠ ಮಾಡಿದವಳು. ಅದಕ್ಕೇ ಒಂದು ಮಾತಿನಿಂದ ಶುರು ಮಾಡುತ್ತೇನೆ. ಹುಡುಗಿ ಮೈನೆರೆದರೆ ನಾವು ಏನನ್ನುತ್ತೇವೆ? 'ದೊಡ್ಡವಳಾದಳು' ಅನ್ನುತ್ತೇವೆ. ಬೆಳಗ್ಗೆ ಚಿಕ್ಕವಳು, ಸಂಜೆಗೆ ದೊಡ್ಡವಳು. ಹಾಗಾದರೆ ಬೆಳಗ್ಗೆ ಇದ್ದಳಲ್ಲ, ಆ ಚಿಕ್ಕವಳು ಎಲ್ಲಿಗೆ ಹೋದಳು? ಯಾರೂ ಕೇಳುವುದಿಲ್ಲ.

ನಾನು ದೊಡ್ಡವಳಾದಾಗ ನನಗೆ 12 ವರ್ಷ. ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ಬಯಲು, ಸುತ್ತ ಕಬ್ಬು, ಗದ್ದೆ. ಸೋದರಮಾವ ಹಸಿ ತೆಂಗಿನ ಗರಿ ಕಡಿದು ತಂದು ಗುಡ್ಲು ಹಾಕಿದರು. ಮಂಡ್ಯ ಕಡೆಯವರಿಗೆ ಗುಡ್ಲು ಅಂದರೆ ಹೇಳಬೇಕಾಗಿಲ್ಲ, ಮೈನೆರೆದ ಹುಡುಗಿಯನ್ನು ಬೇರೆಯಾಗಿ ಕೂರಿಸುವ ಗರಿ ಗುಡಿಸಲು. ಒಳಗೆ ಚಾಪೆ, ನನಗೆ ಅಂತಲೇ ಒಂದು ತಟ್ಟೆ, ಒಂದು ಚೊಂಬು. ತಿನ್ನಲು ಚಿಗಳಿ, ಕೊಬ್ಬರಿ ಬೆಲ್ಲ. ಸಂಜೆ ಆದರೆ ಹೆಂಗಸರು ಬಂದು ಆರತಿ ಮಾಡಿ ಹಾಡು ಹೇಳುತ್ತಿದ್ದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ನೋಡಿಕೊಂಡರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರೀತಿಯಿಂದ ನೋಡಿಕೊಂಡಿದ್ದಾರೆ ಅನ್ನುವ ಕಾರಣಕ್ಕೇ ಎಷ್ಟೋ ಜನ ತಮಗೆ ಏನೂ ಆಗಿಲ್ಲ ಅಂದುಕೊಂಡು 40, 50 ವರ್ಷ ಕಳೆದುಬಿಡುತ್ತಾರೆ.

ನನ್ನ ಹತ್ತಿರ ಒಂದು ಬಿಲ್ಲೆ ಇತ್ತು, ಕುಂಟೆಬಿಲ್ಲೆ ಆಡುವ ಬಿಲ್ಲೆ. ಅಡುಗೆಮನೆ ಸೂರಿನಿಂದ ಬಿದ್ದು ಒಡೆದ ಹೆಂಚಿನ ಚೂರು. ನಾಲೆ ಸೋಪಾನದ ಮೇಲೆ ನೀರು ಹಾಕಿಕೊಂಡು ಎಂಟು ದಿನ ತೇಯ್ದು ತೇಯ್ದು ಗುಂಡಗೆ ಮಾಡಿದ್ದೆ. ಒಂದು ಬದಿ ಕೆಂಪು, ಇನ್ನೊಂದು ಬದಿ ಒಲೆ ಹೊಗೆ ಕುಡಿದು ಕಪ್ಪು. ಎಷ್ಟು ಬಿಲ್ಲೆಗಳ ನಡುವೆ ಬಿದ್ದಿದ್ದರೂ ನನ್ನದು ಯಾವುದು ಅಂತ ಗೊತ್ತಾಗುತ್ತಿತ್ತು. ಮೊದಲನೇ ದಿನವೇ ಅವ್ವ ಅದನ್ನು ನನ್ನ ಲಂಗದ ಗಂಟಿನಿಂದ ಬಿಚ್ಚಿಕೊಂಡಳು. "ಇನ್ಮ್ಯಾಕೆ ಕುಣ್ಕಂಡು ತಿರುಗೋದು ಬ್ಯಾಡ ಕಣವ್ವ, ದೊಡ್ಡೋಳಾದೆ" ಅಂದಳು. ಅಷ್ಟೇ.

ಗುಡ್ಲಿನ ಗರಿ ಸಂದಿಯಲ್ಲಿ ಬೀದಿ ಕಾಣುತ್ತಿರಲಿಲ್ಲ, ಆದರೆ ಸದ್ದು ಕೇಳುತ್ತಿತ್ತು. ಬಿಲ್ಲೆ ಮಣ್ಣಿಗೆ ಬೀಳುವ ಸದ್ದು. ಹಣೆ ಮೇಲೆ ಬಿಲ್ಲೆ ಇಟ್ಟುಕೊಂಡು, ಮುಖ ಮೇಲೆ ಮಾಡಿ, ಗೆರೆ ತುಳಿಯದ ಹಾಗೆ ನಡೆಯುತ್ತಾ ಕೇಳುತ್ತೇವಲ್ಲ, "ರೈಟಾ?" ಅಂತ, ಉಳಿದವರು "ರೈಟ್" ಅನ್ನುತ್ತಾರಲ್ಲ, ಅದು. ಎಲ್ಲಾ ಮನೆ ದಾಟಿದ ಮೇಲೆ ಬೆನ್ನು ಹಾಕಿ ನಿಂತು ಬಿಲ್ಲೆ ಎಸೆದರೆ ಅದು ಬಿದ್ದ ಮನೆ ನಮ್ಮದಾಗುತ್ತದೆ. ಅಲ್ಲಿ ಎರಡೂ ಕಾಲೂರಿ ನಿಲ್ಲಬಹುದು, ಬೇರೆಯವರು ಅದನ್ನು ಹಾರಿಕೊಂಡೇ ಹೋಗಬೇಕು. ಆವತ್ತಿನ ಆಟದಲ್ಲಿ ನನ್ನದು ಎರಡು ಮನೆ ಆಗಿತ್ತು.

ನನಗೆ 49 ಆದಾಗ, ಇಲ್ಲೇ ಮೈಸೂರಿನಲ್ಲಿ, ನಮ್ಮ ಬೀದಿಯ ಒಂದು ಹಳೇ ಹೆಂಚಿನ ಮನೆ ಕೆಡವುತ್ತಿದ್ದರು. ಸ್ಕೂಲಿಂದ ಬರುವಾಗ ಒಂದು ಚೂರು ಎತ್ತಿಕೊಂಡೆ. ಯಾಕೆ ಅಂತ ಗೊತ್ತಿರಲಿಲ್ಲ. ಎರಡು ವಾರ ಬ್ಯಾಗಿನಲ್ಲೇ ಇತ್ತು. ಒಂದು ಭಾನುವಾರ ತಾರಸಿ ಮೇಲೆ ಬಟ್ಟೆ ಒಗೆಯುವ ಕಲ್ಲಿಗೆ ಸುಮ್ನೆ ತೇಯಲು ಶುರು ಮಾಡಿದೆ. ಕೆಂಪು ನೀರು ಬೆರಳ ಸಂದಿಯಲ್ಲಿ ಇಳಿಯಿತು. ಹಸಿ ಹೆಂಚಿನ ಆ ವಾಸನೆ ಬಂತು. ಆಗ ನನಗೆ ಬಂದದ್ದು ಖುಷಿ ಅಲ್ಲ. ಸಿಟ್ಟು. ಮೈಯೆಲ್ಲಾ ನಡುಗುವಷ್ಟು ಸಿಟ್ಟು, ಆಮೇಲೆ ಅಳು.

ಇವತ್ತು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ. ಒಳಗಿನ ಮಗು ಅಂದ ಕೂಡಲೇ ಬಲೂನು, ಐಸ್‌ಕ್ರೀಮು, ನಗುವ ಮುಖ ಅಂದುಕೊಳ್ಳುತ್ತೇವೆ. ಆದರೆ ಆ ಮಗುವನ್ನು ಆಟದ ಮಧ್ಯದಲ್ಲಿ ಎಬ್ಬಿಸಿ ಕಳಿಸಿದ್ದೇವೆ. ವರ್ಷಗಟ್ಟಲೆ ಮಾತಾಡಿಸಿಲ್ಲ. ಮೊದಲನೇ ಸಲ ಹೋಗಿ ಕರೆದರೆ ಅದು ಮುಖ ತಿರುಗಿಸಿಕೊಂಡು ಕೂತಿರುತ್ತದೆ. ಮುನಿಸಿಕೊಂಡ ಮಗುವಿಗೆ ನಾವು ಬುದ್ಧಿ ಹೇಳುತ್ತೇವಾ? ಇಲ್ಲ, ಪಕ್ಕದಲ್ಲಿ ಸುಮ್ನೆ ಕೂರುತ್ತೇವೆ. ಇಲ್ಲೂ ಹಾಗೇ ಕೂರಬೇಕು. ಇದು ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. "ಗಂಡುಹುಡುಗ ಆಗಿ ಅಳ್ತೀಯಾ" ಅನ್ನುವ ಒಂದೇ ಮಾತು ಎಷ್ಟು ಜನರ ಗಂಟಲಲ್ಲಿ ಇವತ್ತಿಗೂ ಕೂತಿದೆ ಅಂತ ನಿಮಗೇ ಗೊತ್ತು.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಇದು ನನ್ನೊಬ್ಬಳ ಕಥೆ ಅಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1875ರಲ್ಲಿ ಹುಟ್ಟಿದವರು. 1913ರ ಹೊತ್ತಿಗೆ ಅವರು ಹೆಸರುವಾಸಿ ಡಾಕ್ಟರು, ನಾಲ್ಕು ಮಕ್ಕಳ ತಂದೆ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ ಜೊತೆಗಿನ ಸ್ನೇಹ ಮುರಿದುಬಿದ್ದು, ಮುಂದೆ ಏನು ಮಾಡಬೇಕು ಅಂತಲೇ ತೋಚದೆ ಒದ್ದಾಡುತ್ತಿದ್ದರು. ಆಗ ನೆನಪಾಗಿದ್ದು ಹತ್ತು ಹನ್ನೊಂದರ ವಯಸ್ಸಿನಲ್ಲಿ ಕಲ್ಲು, ಮಣ್ಣು ಸೇರಿಸಿ ಪುಟ್ಟ ಪುಟ್ಟ ಮನೆ, ಕೋಟೆ ಕಟ್ಟುತ್ತಿದ್ದದ್ದು. ಆ ಹುಡುಗನ ಹತ್ತಿರ ಇರುವ ಜೀವಂತಿಕೆ ನನ್ನ ಹತ್ತಿರ ಇಲ್ಲವಲ್ಲ ಅನ್ನಿಸಿತು. ದಿನಾ ಮಧ್ಯಾಹ್ನ ಊಟ ಆದ ಮೇಲೆ, ರೋಗಿಗಳು ಬರುವವರೆಗೆ, ಜ್ಯೂರಿಕ್ ಸರೋವರದ ದಂಡೆಯಲ್ಲಿ ಕಲ್ಲು ಆಯ್ದು ಒಂದು ಪುಟ್ಟ ಊರು ಕಟ್ಟಲು ಕೂತರು. ಮನೆ, ಕೋಟೆ, ಚರ್ಚು. ಇಷ್ಟು ದೊಡ್ಡವನಾಗಿ ಮಕ್ಕಳಾಟ ಆಡಬೇಕಲ್ಲ ಅಂತ ಮೊದಮೊದಲು ಬಹಳ ಸಂಕೋಚವಾಯಿತಂತೆ, ಆತ್ಮಕಥನದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಆದರೂ ಬಿಡಲಿಲ್ಲ. ಹಾಗೆ ಕಟ್ಟುವಾಗಲೇ ಮನಸ್ಸು ತಿಳಿಯಾಗುತ್ತಾ ಬಂತು, ಬಾಲ್ಯದ ಒಂದು ಕನಸು ಕೂಡ ಎದ್ದು ಬಂತು.

ಇಲ್ಲಿ ಗಮನಿಸಿ, ಕೈ ಮೊದಲು ನೆನಪು ಮಾಡಿಕೊಂಡಿತು, ತಲೆ ಆಮೇಲೆ.

ನಮ್ಮ ಮೈಸೂರಿಗೆ ಇದು ಹೊಸದೇನೂ ಅಲ್ಲ. ನವರಾತ್ರಿ ಬಂತು ಅಂದರೆ ಅಟ್ಟದಿಂದ ಬೊಂಬೆ ಇಳಿಸುತ್ತೇವೆ. ಮಗಳ ಮದುವೆಯಲ್ಲಿ ಕೊಟ್ಟು ಕಳಿಸಿದ ಪಟ್ಟದ ಬೊಂಬೆಗೆ ಪ್ರತಿ ವರ್ಷ ಹೊಸ ಬಟ್ಟೆ ಹೊಲಿಯುತ್ತೇವೆ. ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ, ಅದು ಮೊಳಕೆಯೊಡೆದು ಹಸಿರಾದ ಮೇಲೆ ಪಾರ್ಕು ಮಾಡುತ್ತೇವೆ, ನಡುವೆ ಒಂದು ಕನ್ನಡಿ ಇಟ್ಟು ಕೆರೆ ಅನ್ನುತ್ತೇವೆ. ಯೂಂಗ್ ಸರೋವರದ ದಂಡೆಯಲ್ಲಿ ಮಾಡಿದ್ದೂ ಇದನ್ನೇ ಅಲ್ವಾ! ಆದರೆ ನಮ್ಮಲ್ಲಿ ಎಷ್ಟು ಜನ "ಮಕ್ಕಳಿಗೋಸ್ಕರ" ಅನ್ನುವ ನೆಪ ಇಲ್ಲದೆ ಬೊಂಬೆ ಇಡುತ್ತೇವೆ? ಮಕ್ಕಳು ಓದಲು ಬೇರೆ ಊರಿಗೆ ಹೋದ ವರ್ಷ ಎಷ್ಟೋ ಮನೆಗಳಲ್ಲಿ ಬೊಂಬೆ ಕೂರುವುದೇ ಇಲ್ಲ. ಈ ಸಲ ನಿಮಗೋಸ್ಕರ ಇಡಿ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಲೇಬೇಕು ಅಂತಿಲ್ಲ. ಯಾರಾದರೂ ನೋಡುತ್ತಾರೆ ಅಂದ ಕೂಡಲೇ ಆಟ ಹೋಗಿ ಪ್ರದರ್ಶನ ಆಗುತ್ತದೆ.

ಇನ್ನೊಂದು ಮಾತು. ಇಂಗ್ಲೆಂಡಿನ ಮಕ್ಕಳ ಡಾಕ್ಟರು ಡೊನಾಲ್ಡ್ ವಿನಿಕಾಟ್ ಮನೋವಿಶ್ಲೇಷಕರೂ ಆಗಿದ್ದರು. ದೊಡ್ಡವರು ಹೇಳಿದ್ದಕ್ಕೆಲ್ಲಾ ಹೊಂದಿಕೊಳ್ಳುತ್ತಾ ಹೋಗುವ ಮಗು ಹೊರಗೊಂದು ಸುಳ್ಳು 'ನಾನು' ಕಟ್ಟಿಕೊಳ್ಳುತ್ತದೆ, ನಿಜವಾದ 'ನಾನು' ಅದರ ಹಿಂದೆ ಅಡಗಿಕೊಳ್ಳುತ್ತದೆ ಅಂದರು. ಓದಿದಾಗ ನನ್ನ ಕ್ಲಾಸಿನ ಹುಡುಗಿಯರ ಮುಖ ಕಣ್ಣಿಗೆ ಕಟ್ಟಿತು. ಮಾತೇ ಆಡದೆ ಮೊದಲನೇ ಬೆಂಚಿನಲ್ಲಿ ಕೂರುತ್ತಿದ್ದವರನ್ನು ನಾನು "ಎಷ್ಟು ಒಳ್ಳೆ ಹುಡುಗಿ" ಅಂತ ಎಲ್ಲರೆದುರು ಹೊಗಳಿದ್ದೇನೆ. ಅದು ತಪ್ಪು. ಅವರಲ್ಲಿ ಯಾರಾದರೂ ಈಗ ಸಿಕ್ಕರೆ ಕ್ಷಮೆ ಕೇಳುತ್ತೇನೆ, ಇಬ್ಬರಿಗೆ ಕೇಳಿಯೂ ಇದ್ದೇನೆ.

ಒಂದು ಎಚ್ಚರಿಕೆ ಕೂಡ ಹೇಳಬೇಕು. ನನ್ನದು ಚಿಕ್ಕ ಗಾಯ. ಬಾಲ್ಯದಲ್ಲಿ ಹೊಡೆತ ತಿಂದವರು, ಮೈಮೇಲೆ ದೌರ್ಜನ್ಯ ಆದವರು ಈ ಬಾಗಿಲನ್ನು ಒಬ್ಬರೇ ತೆರೆಯಲು ಹೋಗಬೇಡಿ. ತಿಳಿದವರ ಜೊತೆಗೇ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರಲ್ಲಿ ಶುರುವಾಗಿದ್ದು, ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅವ್ವನ ವಿಷಯ ಹೇಳಿ ಮುಗಿಸುತ್ತೇನೆ. ಹೆಂಚು ತೇಯ್ದ ಮಾರನೇ ವಾರ ಅವಳು ಊರಿಂದ ಬಂದಿದ್ದಳು. ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ ಉಳಿದ ಪುಡಿಯಲ್ಲಿ ಎಂಟು ಮನೆ ಬರೆದು ಕುಂಟುತ್ತಿದ್ದೆ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ತುಂಬಾ ಹೊತ್ತು ನೋಡಿದಳು. ಆಮೇಲೆ, "ನೀನು ಎಡಗಾಲಲ್ಲಿ ಕುಂಟ್ತಿದ್ದೆ, ಬಲಗಾಲಲ್ಲಿ ಅಲ್ಲ" ಅಂದಳು. ನನಗೇ ಮರೆತುಹೋಗಿತ್ತು. ಕಾಲು ಬದಲಾಯಿಸಿದೆ, ಸಲೀಸಾಯಿತು. "ನನ್ನ ಬಿಲ್ಲೆ ಏನ್ ಮಾಡ್ದೆ ಅವ್ವ?" ಅಂದೆ. "ಅಕ್ಕಿ ಮಡಕೇಲಿ ಇಟ್ಟಿದ್ದೆ, ಸ್ಯಾನೆ ವರ್ಸ ಇತ್ತು. ಹೆಂಚಿನ ಮನೆ ಕಿತ್ತು ಮೋಲ್ಡ್ ಹಾಕ್ಸಿದಾಗ ಎಲ್ಲೋ ಹೋಯ್ತು" ಅಂದಳು. ಎಸೆದಿರಲಿಲ್ಲ ಅವಳು. ಅವಳ ಬಿಲ್ಲೆಯನ್ನು ಯಾರು ಕಿತ್ತುಕೊಂಡಿದ್ದರು ಅಂತ ಅವತ್ತು ಮೊದಲನೇ ಸಲ ಕೇಳಿದೆ. ಮಧ್ಯಾಹ್ನದವರೆಗೂ ಹೇಳಿದಳು.

ಹೊರಗೆ ವರಾಂಡದಲ್ಲಿ ಸೀಮೆಸುಣ್ಣದಲ್ಲಿ ಎಂಟು ಮನೆ ಬರೆದು ಬಂದಿದ್ದೇನೆ. ಬಿಲ್ಲೆಗಳು ಕಿಟಕಿ ಕಟ್ಟೆ ಮೇಲಿವೆ. ಮಂಡಿನೋವು ಇರುವವರಿಗೆ ಚೌಕಾಬಾರದ ಮಣೆ ಇದೆ, ಕವಡೆ ಸಿಗಲಿಲ್ಲ, ಹುಣಸೆಬೀಜ ತೇಯ್ದು ತಂದಿದ್ದೇನೆ. ಕರೆಂಟು ಹೋಗುವುದರೊಳಗೆ ಬನ್ನಿ.